ನಂದಿಯೋ, ಕೃಷ್ಣೆಯೋ, ನಾಸಿಕ್ಕೋ? ವೈನ್ ಸೀಮೆ ನೋಡಲು ಹೊರಟವರಿಗೆ, ದುಡ್ಡು ಹಾಕಲು ಹೊರಟವರಿಗೆ

ಫೆಬ್ರವರಿಯ ಒಂದು ಬೆಳಿಗ್ಗೆ ನಂದಿಬೆಟ್ಟದ ಬುಡದ ತೋಟವೊಂದರಲ್ಲಿ ನಿಂತಿದ್ದೆ. ತೋಟ ನೋಡಿಕೊಳ್ಳುವವರು ಒಂದು ಗೊಂಚಲಿನಿಂದ ಐದಾರು ಹಣ್ಣು ಕಿತ್ತು, ಬೆರಳಲ್ಲೇ ಹಿಂಡಿ, ಎರಡು ಹನಿ ರಸವನ್ನು ರಿಫ್ರ್ಯಾಕ್ಟೋಮೀಟರ್ ಗಾಜಿನ ಮೇಲೆ ಬಿಟ್ಟರು. ಬೆಳಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಒಳಗಿನ ನೀಲಿ ಗೆರೆ 22ರ ಹತ್ತಿರ ನಿಂತಿತ್ತು. ಸಕ್ಕರೆಯ ಅಳತೆ ಅದು. "ಇನ್ನೊಂದು ವಾರ ಸಾರ್, ಮಳೆ ಬರದಿದ್ರೆ ಸಾಕು" ಅಂದರು. ನಾನು ಫೋಟೊ ತೆಗೆಯುತ್ತಿದ್ದೆ, ಅವರು ಮೋಡ ನೋಡುತ್ತಿದ್ದರು.

ವೈನ್ ಸೀಮೆಯ ಬಗ್ಗೆ ನನ್ನನ್ನು ಕೇಳುವವರಲ್ಲಿ ಎರಡು ಥರದವರಿದ್ದಾರೆ. ಒಂದು ವಾರಾಂತ್ಯ ಎಲ್ಲಿಗೆ ಹೋಗಲಿ ಅನ್ನುವವರು ಕೆಲವರು. ಹೋಗಿ ಬಂದ ಮೇಲೆ, ಅಲ್ಲೇ ಎರಡು ಎಕರೆ ತಗೊಂಡರೆ ಹೇಗೆ ಅನ್ನುವವರು ಇನ್ನು ಕೆಲವರು. ಎರಡನೇ ಗುಂಪು ಈಚೆಗೆ ಜಾಸ್ತಿಯಾಗಿದೆ. ಸಮಸ್ಯೆ ಏನೆಂದರೆ, ನೋಡಲು ಚೆಂದ ಇರುವ ಜಾಗವೇ ದುಡ್ಡು ಹಾಕಲೂ ಒಳ್ಳೇ ಜಾಗ ಅಂತ ಅವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಇವೆರಡಕ್ಕೂ ಉತ್ತರ ಬೇರೆ ಬೇರೆ. ಅದಕ್ಕೇ ಬೇರೆ ಬೇರೆಯಾಗಿಯೇ ತೂಗುತ್ತೇನೆ.

ಮೊದಲು ಅಳತೆಗೋಲು

ನೋಡಲು ಹೋಗುವವರು ಕೇಳಿಕೊಳ್ಳಬೇಕಾದ್ದು ಇಷ್ಟು: ಎಷ್ಟು ದಿನ ಇದೆ, ಯಾವ ತಿಂಗಳು, ಜೊತೆಯಲ್ಲಿ ವೈನ್ ಕುಡಿಯದವರು ಎಷ್ಟು ಜನ, ವಾಪಸ್ ಬರುವಾಗ ಗಾಡಿ ಓಡಿಸುವವರು ಯಾರು. ಕೊನೆಯದನ್ನು ಜನ ಮರೆಯುತ್ತಾರೆ. ಟೇಸ್ಟಿಂಗ್‌ನಲ್ಲಿ ಒಂದೊಂದು ಗುಟುಕೇ ಕೊಡುತ್ತಾರೆ, ನಿಜ. ಐದಾರು ವೈನ್ ಆದಾಗ ಅದು ಗುಟುಕಿನ ಲೆಕ್ಕ ಅಲ್ಲ. ಬಾಡಿಗೆ ಕಾರಿನ ದುಡ್ಡನ್ನು ಪ್ರವಾಸದ ಖರ್ಚಿಗೆ ಮೊದಲೇ ಸೇರಿಸಿಕೊಳ್ಳಿ.

ದುಡ್ಡು ಹಾಕುವವರ ಅಳತೆಗೋಲು ಬೇರೆ. ನೀರು ಇದೆಯಾ? ಬೆಳೆದ ಹಣ್ಣನ್ನು ಕೊಳ್ಳುವವರು ಯಾರು, ಅವರು ಬೇಡ ಅಂದರೆ ಎರಡನೇ ದಾರಿ ಏನು? ಭೂಮಿ ಕೊಳ್ಳಲು ಕಾನೂನು ಬಿಡುತ್ತದಾ? ದುಡ್ಡು ಎಷ್ಟು ವರ್ಷ ಸಿಕ್ಕಿಹಾಕಿಕೊಂಡಿರುತ್ತದೆ? ಗುಡ್ಡದ ನೋಟ, ಸೂರ್ಯಾಸ್ತ ಇವೆಲ್ಲ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನೋಡಲು ಹೋಗುವುದಾದರೆ

ಒಂದೇ ದಿನ ಇದ್ದರೆ ನಂದಿ. ಬೆಂಗಳೂರಿನಿಂದ ಒಂದೂವರೆ ಗಂಟೆ ದಾರಿ. ಕರ್ನಾಟಕದ ಇವತ್ತಿನ ವೈನ್ ಕಥೆ ಶುರುವಾಗಿದ್ದೂ ಇಲ್ಲೇ. 1980ರ ದಶಕದ ಕೊನೆಯಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ನೆಡಿಸಿದರು. ಆಮೇಲೆ ಫ್ರಾನ್ಸಿನ ಬೋರ್ಡೊದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಇಲ್ಲಿಗೆ ಸಲಹೆಗಾರರಾಗಿ ಬಂದರು. ಅದೇ ಕಂಪನಿ 2012ರಲ್ಲಿ ನಾಸಿಕ್‌ನ ಇನ್ನೊಂದು ವೈನರಿ ಜೊತೆ ಸೇರಿ ಗ್ರೋವರ್ ಜಂಪಾ ಆಯಿತು. ಇಲ್ಲಿನ ಕ್ಯಾಬರ್ನೆ, ಶಿರಾಜ್ ಕೆಂಪು ವೈನ್‌ಗಳಿಗೆ ದೇಶದಲ್ಲೇ ಒಳ್ಳೇ ಹೆಸರಿದೆ. ಜಾಗ ಎತ್ತರದಲ್ಲಿದೆ, ರಾತ್ರಿ ತಂಪು, ಹಣ್ಣು ನಿಧಾನವಾಗಿ ಮಾಗುತ್ತದೆ. ರುಚಿಯ ಗುಟ್ಟು ಬಹುಪಾಲು ಅದೇ.

ಕೊರತೆ ಏನೆಂದರೆ, ಇಲ್ಲಿ ವೈನರಿಗಳು ಒಂದರ ಪಕ್ಕ ಒಂದಿಲ್ಲ. ಒಂದು ವೈನರಿ ನೋಡಿ, ಊಟ ಮುಗಿಸಿ ವಾಪಸ್ ಬರುವ ಪ್ರವಾಸ ಇದು. ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರೆ ಅರ್ಧ ದಿನ ಅಲ್ಲೇ ಹೋಯಿತು. ವಾರದ ನಡುವೆ ರಜೆ ಹಾಕಿ ಹೋಗುವುದೇ ವಾಸಿ.

ಮೈಸೂರು ದಾರಿಯವರಿಗೆ ಚನ್ನಪಟ್ಟಣದ ಹತ್ತಿರ ಡೊಮೇನ್ ಸುಲಾ ಇದೆ. ಮುಂಚೆ ಹೆರಿಟೇಜ್ ವೈನರಿ ಆಗಿತ್ತು, 2017ರಲ್ಲಿ ನಾಸಿಕ್‌ನ ವೈನ್ ಕಂಪನಿ ಸುಲಾ ಕೊಂಡುಕೊಂಡಿತು. ಮಕ್ಕಳು, ಹಿರಿಯರು ಜೊತೆಗಿದ್ದರೆ ಇದು ಸಲೀಸು. ಅವರು ಗೊಂಬೆ ಅಂಗಡಿ ನೋಡುತ್ತಾರೆ, ಮನಸ್ಸಾದರೆ ಮೈಸೂರಿಗೂ ಹೋಗಬಹುದು. ವೈನ್ ಒಂದು ನಿಲ್ದಾಣ ಅಷ್ಟೇ.

ಮೂರು ನಾಲ್ಕು ದಿನ ಇದ್ದು, ಕೈಯಲ್ಲಿ ಸ್ವಲ್ಪ ದುಡ್ಡೂ ಇದ್ದರೆ ನಾಸಿಕ್‌ಗೆ ಹೋಗಿ. ಇದನ್ನು ಹೇಳಲು ನನಗೇನೂ ಬೇಜಾರಿಲ್ಲ. ವೈನ್ ಪ್ರವಾಸ ಅಂದರೆ ಏನು ಅಂತ ಈ ದೇಶಕ್ಕೆ ತೋರಿಸಿದ್ದು ಅವರು. ರಾಜೀವ್ ಸಾಮಂತ್ ಕಟ್ಟಿದ ಸುಲಾದ ಮೊದಲ ವೈನ್ ಹೊರಬಂದದ್ದು 2000ದಲ್ಲಿ. 2005ರ ಹೊತ್ತಿಗೆ ತೋಟದ ನಡುವೆಯೇ ಟೇಸ್ಟಿಂಗ್ ರೂಮ್ ತೆರೆದರು. ಇವತ್ತು ಗಂಗಾಪುರ ಅಣೆಕಟ್ಟಿನ ಕಡೆಯ ಆ ಸೀಮೆಯಲ್ಲೇ ಸುಲಾ, ಯಾರ್ಕ್, ಸೋಮಾ ಮೂರೂ ಸಿಗುತ್ತವೆ. ದಿಂಡೋರಿ ಕಡೆ ಹೋದರೆ ಶಾಂಡೊನ್ ಇದೆ, ಅವರದ್ದು ಗುಳ್ಳೆ ಏಳುವ ಸ್ಪಾರ್ಕ್ಲಿಂಗ್ ವೈನ್. ಒಂದೇ ದಿನದಲ್ಲಿ ಒಂದೇ ತಳಿಯ ಸೋವಿನ್ಯೋ ಬ್ಲಾಂ ಅನ್ನು ಎರಡು ಮೂರು ವೈನರಿಗಳಲ್ಲಿ ಕುಡಿದು ಹೋಲಿಸಬಹುದು. ನಾಲಿಗೆ ಕಲಿಯುವುದು ಹಾಗೆಯೇ. ಈ ಭಾಗ್ಯ ಕರ್ನಾಟಕದಲ್ಲಿ ಇನ್ನೂ ಇಲ್ಲ. ಮನೆಯ ಹಿರಿಯರಿಗೆ ಪಂಚವಟಿ, ತ್ರ್ಯಂಬಕೇಶ್ವರ ಇವೆ. ಒಂದೇ ಎಚ್ಚರಿಕೆ: 2027ರಲ್ಲಿ ಅಲ್ಲಿ ಕುಂಭಮೇಳ. ಆ ವರ್ಷ ರೂಮು, ರಸ್ತೆ ಎರಡೂ ಕಷ್ಟ.

ಕಡಿಮೆ ಖರ್ಚು, ಜಾಸ್ತಿ ದಿನ ಅನ್ನುವವರಿಗೆ ಉತ್ತರ ಕರ್ನಾಟಕ. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆ, ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ವಿಜಯಪುರ. ರಾತ್ರಿ ಹತ್ತಿದರೆ ಬೆಳಿಗ್ಗೆ ಇಳಿಯಬಹುದು. ಹಂಪಿ ಸೀಮೆಯ ಕೃಷ್ಮಾ ಎಸ್ಟೇಟ್ಸ್ ಸಣ್ಣ ಪ್ರಮಾಣದಲ್ಲಿ ಗಟ್ಟಿ ಕೆಂಪು ವೈನ್ ಮಾಡುತ್ತದೆ. ಇಲ್ಲಿನ ಯಾವ ವೈನರಿಗೂ ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಫೋನ್ ಮಾಡಿ, ಬರಬಹುದಾ ಅಂತ ಕೇಳಿ ಹೋಗಿ. ಇಲ್ಲಿ ಪ್ರವಾಸ ಅಂದರೆ ಹಂಪಿ, ಬಾದಾಮಿ, ಪಟ್ಟದಕಲ್ಲು, ಗೋಳಗುಮ್ಮಟ. ನಡುವೆ ದ್ರಾಕ್ಷಿ ತೋಟ. ವೈನ್ ಕುಡಿಯಲೆಂದೇ ಹೋದರೆ ನಿರಾಸೆ ಆಗಬಹುದು. ದ್ರಾಕ್ಷಿ ಅಂದರೆ ಏನು ಅಂತ ತಿಳಿಯಲು ಹೋದರೆ ಮಾತ್ರ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಮುಂದೆ ಹೇಳುತ್ತೇನೆ.

ಕಾಲ? ಎಲ್ಲ ಕಡೆಯೂ ಜನವರಿಯಿಂದ ಮಾರ್ಚ್ ಮೊದಲ ವಾರದೊಳಗೆ ಹೋಗಿ. ಯುರೋಪಿನಲ್ಲಿ ಕೊಯ್ಲು ಆಗುವುದು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ, ಬೇಸಿಗೆಯಲ್ಲೊಮ್ಮೆ, ಮಳೆ ಮುಗಿಯುವಾಗ ಇನ್ನೊಮ್ಮೆ. ವಿಜಯಪುರದ ಬೆಳೆಗಾರರು ಇದನ್ನು ಚಾಟ್ನಿ ಅನ್ನುತ್ತಾರೆ. ಎರಡನೇ ಚಾಟ್ನಿಯ ಫಸಲು ಚಳಿಯಲ್ಲಿ ಮಾಗುತ್ತದೆ. ಜೂನ್‌ನಲ್ಲಿ ಹೋದರೆ ಹಸಿರು ಸಿಗುತ್ತದೆ, ಗೊಂಚಲು ಸಿಗುವುದಿಲ್ಲ.

ಇನ್ನೊಂದು ಮಾತು, ಬಾಟಲಿ ತರುವವರಿಗೆ. ಲೇಬಲ್ ತಿರುಗಿಸಿ ನೋಡಿ. ಇಂಥ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅಬಕಾರಿ ನಿಯಮ ರಾಜ್ಯಕ್ಕೊಂದು. ನಾಸಿಕ್‌ನಿಂದ ಪೆಟ್ಟಿಗೆಗಟ್ಟಲೆ ತುಂಬಿಕೊಂಡು ಬರುವ ಮುಂಚೆ ಅಲ್ಲೇ ಕೌಂಟರ್‌ನಲ್ಲಿ ಕೇಳಿ, ಪರ್ಮಿಟ್ ಬೇಕಾದರೆ ಮಾಡಿಸಿಕೊಳ್ಳಿ.

ದುಡ್ಡು ಹಾಕುವುದಾದರೆ

ಇಲ್ಲಿಂದ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಪ್ರಶ್ನೆ ಕಾನೂನಿನದ್ದು, ಯಾಕೆಂದರೆ ಅದು ಕೆಲವರಿಗೆ ಬಾಗಿಲನ್ನೇ ಮುಚ್ಚುತ್ತದೆ. ಕರ್ನಾಟಕದಲ್ಲಿ 2020ರ ತಿದ್ದುಪಡಿಯಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದರು. ಅಂದಿನಿಂದ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಹಾಗಿಲ್ಲ. ನೀವು ರೈತರಲ್ಲದಿದ್ದರೆ ವಿಶೇಷ ಅನುಮತಿ ಇಲ್ಲದೆ ಅಲ್ಲಿ ಹೊಲ ಕೊಳ್ಳುವ ಹಾಗಿಲ್ಲ. ಅಲ್ಲಿಗೆ ಬೆಂಗಳೂರಿನ ಸಂಬಳದವರಿಗೆ ನಾಸಿಕ್‌ನ ತೋಟದ ಕನಸು ಬಹುಮಟ್ಟಿಗೆ ಮುಗಿಯಿತು. ಅನಿವಾಸಿ ಭಾರತೀಯರಿಗಂತೂ ದೇಶದ ಯಾವ ರಾಜ್ಯದಲ್ಲೂ ಕೃಷಿ ಭೂಮಿ ಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆ ಬಿಡುವುದಿಲ್ಲ.

ಕಾನೂನು ಬಿಟ್ಟರೂ ಪಹಣಿ, ಮ್ಯುಟೇಶನ್, ಇಸಿ (ಋಣಭಾರ ಪತ್ರ) ನೋಡದೆ ಮುಂಗಡ ಕೊಡಬೇಡಿ. ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕೇ ಬೇಕು. ಮೂಲದಲ್ಲಿ ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನಾ ಅಂತ ಪತ್ತೆ ಮಾಡಿ. ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ.

ಈಗ ನೀರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಬದುಕೆಲ್ಲ ಬೋರ್‌ವೆಲ್ ಮೇಲೆ, ಸಾವಿರ ಅಡಿ ದಾಟಿ ಕೊರೆದವರು ಊರಿಗೆ ಹತ್ತಾರು ಜನ. ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಎಚ್‌ಎನ್ ವ್ಯಾಲಿ ಯೋಜನೆಯಲ್ಲಿ ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಸಿದ ಮೇಲೆ ಕೆಲವು ಕಡೆ ಅಂತರ್ಜಲ ಸುಧಾರಿಸಿದೆ. ನಿಮ್ಮ ಸರ್ವೆ ನಂಬರು ಆ ಕೆರೆಯ ಕೆಳಗಿದೆಯೋ ಇಲ್ಲವೋ ಅನ್ನುವುದೇ ಮುಖ್ಯ. ಜೊತೆಗೆ 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಬಂದ ಮೇಲೆ ಇಲ್ಲಿನ ಭೂಮಿಗೆ ಸೈಟಿನ ಬೆಲೆ ಬಂದಿದೆ. ಆ ಬೆಲೆಗೆ ಭೂಮಿ ಕೊಂಡು ದ್ರಾಕ್ಷಿ ಬೆಳೆದರೆ ಹಣ್ಣಿನ ಆದಾಯ ಬಡ್ಡಿಗೂ ಸಾಲುವುದಿಲ್ಲ. ನಂದಿಯಲ್ಲಿ ಭೂಮಿ ಕೊಳ್ಳುವವರು ಭೂಮಿಯ ಬೆಲೆ ಏರುತ್ತದೆ ಅಂತ ಕೊಳ್ಳುತ್ತಾರೆ. ತಪ್ಪಲ್ಲ, ಆದರೆ ಅದನ್ನು ವೈನ್ ಹೂಡಿಕೆ ಅಂತ ಕರೆಯಬೇಡಿ.

ಇನ್ನೊಂದು ಅಡಚಣೆ: ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಳೆ ಈ ಸೀಮೆಗೆ ಚೆನ್ನಾಗಿಯೇ ಬೀಳುತ್ತದೆ. ಬಳ್ಳಿ ಚಿಗುರಿ ಹೂ ಬಿಡುವ ಹೊತ್ತು ಅದೇ. ಡೌನಿ ಅನ್ನುವ ಬೂಷ್ಟು ರೋಗ ಬಂತೆಂದರೆ ಔಷಧಿ ಹೊಡೆದೂ ಹೊಡೆದೂ ಸುಸ್ತಾಗುತ್ತದೆ. ವಿಜಯಪುರದ ಒಣ ಹವೆಯಲ್ಲಿ ಈ ಕಾಟ ಕಡಿಮೆ. ಅಲ್ಲಿ ಭಯ ಫೆಬ್ರವರಿ, ಮಾರ್ಚ್‌ನ ಅಕಾಲಿಕ ಮಳೆ, ಆಲಿಕಲ್ಲಿನದ್ದು.

ಈಗ ಎಲ್ಲಕ್ಕಿಂತ ದೊಡ್ಡ ವಿಷಯ: ಕೊಳ್ಳುವವರು. ವೈನ್ ದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೀರಾ? ಬಟಾಣಿಗಿಂತ ಸ್ವಲ್ಪ ದೊಡ್ಡದು. ಸಿಪ್ಪೆ ದಪ್ಪ, ಒಳಗೆ ಬೀಜ, ತಿರುಳು ಕಡಿಮೆ. ವೈನಿಗೆ ಅದೇ ಬೇಕು, ಬಣ್ಣ ಇರುವುದು ಸಿಪ್ಪೆಯಲ್ಲಿ, ಒಗರು ಸಿಪ್ಪೆ, ಬೀಜಗಳಲ್ಲಿ. ಆದರೆ ಇದನ್ನು ಬುಟ್ಟಿಯಲ್ಲಿಟ್ಟು ಸಂತೆಗೆ ಹೋದರೆ ಯಾರೂ ಮುಟ್ಟುವುದಿಲ್ಲ. ಅಂದರೆ ಶಿರಾಜ್ ಬೆಳೆದವರಿಗೆ ಇರುವುದು ಒಂದೇ ಬಾಗಿಲು, ವೈನರಿಯದ್ದು.

ನಮ್ಮ ನೆಂಟರೊಬ್ಬರು ಹೀಗೆ ಒಂದು ವೈನರಿಯ ಒಪ್ಪಂದ ನಂಬಿ ಮೂರು ಎಕರೆ ಹಾಕಿದ್ದರು. ಮೊದಲ ಎರಡು ಫಸಲು ವೈನರಿಗೆ ಹೋಯಿತು, ದುಡ್ಡೂ ಬಂತು. ಮೂರನೇ ವರ್ಷ ಕೊಯ್ಲಿನ ವಾರ ಫೋನ್ ಬಂತು: ಟ್ಯಾಂಕ್ ತುಂಬಿದೆ, ಹತ್ತು ದಿನ ತಡೆಯಿರಿ. ಮಾಗಿದ ಹಣ್ಣು ತಡೆಯುತ್ತದಾ? ಸಕ್ಕರೆ ಏರಿತು, ಹುಳಿ ಇಳಿಯಿತು, ಹಣ್ಣು ಬಳ್ಳಿಯಲ್ಲೇ ಸುಕ್ಕುಗಟ್ಟಿತು. ಹತ್ತು ದಿನ ಆದ ಮೇಲೆ ಅದೇ ಕಾರಣ ಹೇಳಿ ದರ ಇಳಿಸಿದರು. ಒಪ್ಪಂದದ ಕಾಗದ ತೆಗೆದು ನೋಡಿದರೆ ಕೊಳ್ಳುವ ದಿನಾಂಕದ ಬಗ್ಗೆ ಒಂದು ಸಾಲೂ ಇರಲಿಲ್ಲ. ಅವರು ಕಾಗದ ಹಿಡಿದು ಜಗಲಿ ಮೇಲೆ ಕೂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇದು ಒಬ್ಬರ ಕಥೆ ಮಾತ್ರ ಅಲ್ಲ. 2008ರ ಮುಂಬೈ ದಾಳಿ, ಅದೇ ಹೊತ್ತಿನ ಆರ್ಥಿಕ ಹಿಂಜರಿತದಿಂದ ವೈನ್ ಮಾರಾಟ ಬಿದ್ದಾಗ ನಾಸಿಕ್ ಸೀಮೆಯಲ್ಲಿ ಎಷ್ಟೋ ಬೆಳೆಗಾರರು ವೈನ್ ಬಳ್ಳಿ ಕಿತ್ತು ಮತ್ತೆ ತಿನ್ನುವ ದ್ರಾಕ್ಷಿಗೆ ಹೋದರು. ಹಾಗಾಗಿ ಒಪ್ಪಂದದಲ್ಲಿ ದರ, ಕೊಳ್ಳುವ ಕನಿಷ್ಠ ಪ್ರಮಾಣ, ಬ್ರಿಕ್ಸ್ (ಸಕ್ಕರೆಯ ಅಳತೆ) ಎಷ್ಟಿರಬೇಕು, ಯಾವ ದಿನದೊಳಗೆ ಎತ್ತಬೇಕು, ಎತ್ತದಿದ್ದರೆ ಪರಿಹಾರ ಏನು ಅಂತ ಬರೆದಿರಬೇಕು. ಈ ಐದರಲ್ಲಿ ಒಂದು ಇಲ್ಲದಿದ್ದರೂ ಸಹಿ ಹಾಕಬೇಡಿ.

ಎರಡನೇ ಬಾಗಿಲು ಇರುವ ದ್ರಾಕ್ಷಿ ಬೇಕು ಅನ್ನುವವರಿಗೆ ಕರ್ನಾಟಕದಲ್ಲೇ ಎರಡು ದಾರಿ ಇವೆ. ಒಂದು ಬೆಂಗಳೂರು ಬ್ಲೂ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಈ ಕಪ್ಪು ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಚಪ್ಪರದ ಮೇಲೆ ಹಬ್ಬುತ್ತದೆ, ಕೆಲವು ರೋಗ ತಡೆದುಕೊಳ್ಳುತ್ತದೆ. ಸಂತೆಗೂ ಹೋಗುತ್ತದೆ, ಜ್ಯೂಸಿಗೂ ಹೋಗುತ್ತದೆ, ಸಿಹಿ ಪೋರ್ಟ್ ಥರದ ವೈನಿಗೂ ಹೋಗುತ್ತದೆ. ಕ್ಯಾಬರ್ನೆಯ ಘನತೆ ಇದಕ್ಕಿಲ್ಲ ಅಂತ ಮೂಗು ಮುರಿಯುವವರಿದ್ದಾರೆ. ಸಾಲ ತೀರಿಸಬೇಕಾದ ರೈತನಿಗೆ ಮೂರು ಬಾಗಿಲು ಘನತೆಗಿಂತ ದೊಡ್ಡದು ಅಂತ ನಾನು ಅಂದುಕೊಂಡಿದ್ದೇನೆ.

ಇನ್ನೊಂದು ವಿಜಯಪುರ, ಬಾಗಲಕೋಟೆ ಕಡೆಯ ಥಾಮ್ಸನ್ ಸೀಡ್‌ಲೆಸ್. ದರ ಬಿದ್ದರೆ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡುತ್ತಾರೆ. ಆ ಶೆಡ್ಡುಗಳನ್ನು ಒಮ್ಮೆಯಾದರೂ ನೋಡಬೇಕು. ಮೇಲೆ ನೆರಳು, ಒಳಗೆ ಮಹಡಿ ಮಹಡಿಯಾಗಿ ಬಲೆ ಕಟ್ಟಿರುತ್ತಾರೆ. ಗೊಂಚಲನ್ನು ದ್ರಾವಣದಲ್ಲಿ ಅದ್ದಿ ಹರಡುತ್ತಾರೆ. ಎರಡು ವಾರದಲ್ಲಿ ಹಸಿರು ಹಣ್ಣು ಹೊನ್ನಿನ ಬಣ್ಣಕ್ಕೆ ತಿರುಗಿ ಕುಗ್ಗುತ್ತದೆ. ಹತ್ತಿರ ಹತ್ತಿರ ನಾಲ್ಕು ಕಿಲೊ ಹಣ್ಣಿಗೆ ಒಂದು ಕಿಲೊ ಮಣೂಕ. ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಬಂದಾಗ ಮಾರಬಹುದು. ಕಾಯುವ ಶಕ್ತಿ ಬೆಳೆಗಾರನ ಕೈಗೆ ಬರುತ್ತದೆ. ಇಲ್ಲಿ ಭೂಮಿಯ ಬೆಲೆಯೂ ನಂದಿಗೆ ಹೋಲಿಸಿದರೆ ಎಷ್ಟೋ ಕಡಿಮೆ. ಕೃಷ್ಣೆ, ಆಲಮಟ್ಟಿಯ ಕಾಲುವೆ ನೀರು ಸಿಗುವ ಕಡೆ ಇನ್ನೂ ಅನುಕೂಲ. ಆದರೆ ಕಪ್ಪು ಮಣ್ಣಿನಲ್ಲಿ ಉಪ್ಪಿನ ಅಂಶ ಏರಿರುವ ಹೊಲಗಳಿವೆ. ಮಣ್ಣು, ನೀರು ಎರಡರ ಪರೀಕ್ಷೆ ಮಾಡಿಸಿ, ಉಪ್ಪು ತಡೆದುಕೊಳ್ಳುವ ಡಾಗ್‌ರಿಡ್ಜ್ ಥರದ ಬೇರುಸಸಿಯ ಮೇಲೆ ಕಸಿ ಮಾಡಿದ ಬಳ್ಳಿಯೇ ಹಾಕಬೇಕು.

ನನ್ನನ್ನು ಕೇಳಿದರೆ, ಬೇಸಾಯ ಮಾಡುವ ಮನಸ್ಸಿರುವವರಿಗೆ ವಿಜಯಪುರ, ಬಾಗಲಕೋಟೆಯ ಈ ಕೃಷ್ಣಾ ಸೀಮೆಯೇ ಸರಿ. ಮುಕ್ಕಾಲು ಭಾಗ ಥಾಮ್ಸನ್, ಒಪ್ಪಂದ ಗಟ್ಟಿಯಿದ್ದರೆ ಮಾತ್ರ ಕಾಲು ಭಾಗ ವೈನ್ ತಳಿ. ಆದರೆ ನೀವು ಅಲ್ಲೇ ಇರಬೇಕು, ಅಥವಾ ನಂಬಿಕಸ್ತರು ಇರಬೇಕು. ಬೆಂಗಳೂರಿನಲ್ಲಿ ಕೂತು ಐನೂರು ಕಿಲೋಮೀಟರ್ ದೂರದ ಬಳ್ಳಿ ಸವರಿಸಲು ಆಗುವುದಿಲ್ಲ. ಬಳ್ಳಿ ಪೂರ್ತಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ. ಅಷ್ಟು ದಿನ ಕಂಬ, ತಂತಿ, ಡ್ರಿಪ್, ಆಳು ಎಲ್ಲಕ್ಕೂ ಕೈಯಿಂದಲೇ ಹಾಕಬೇಕು.

ಭೂಮಿ ಬೇಡ, ವೈನಿನಲ್ಲಿ ಪಾಲು ಬೇಕು ಅನ್ನುವವರಿಗೆ ಷೇರು ಇದೆ. ಸುಲಾ 2022ರ ಡಿಸೆಂಬರ್‌ನಲ್ಲಿ ಷೇರುಪೇಟೆಗೆ ಬಂತು, ಬಿಡುಗಡೆ ಬೆಲೆ 357 ರೂಪಾಯಿ. 2024ರ ಶುರುವಿನಲ್ಲಿ 600 ದಾಟಿತು. 2025ರಲ್ಲಿ ಬಿಡುಗಡೆ ಬೆಲೆಗಿಂತ ಕೆಳಗೆ ಬಂತು. ಸಣ್ಣ ಮೊತ್ತ ಸಾಕು, ಬೇಕೆಂದಾಗ ಮಾರಬಹುದು, ಅದು ಅನುಕೂಲ. ಕಣ್ಣಿಡಬೇಕಾದ್ದು ಎರಡು ಕಡೆ. ಒಂದು, ಮಹಾರಾಷ್ಟ್ರ ಸರ್ಕಾರ ವೈನರಿಗಳಿಗೆ ವ್ಯಾಟ್‌ನ ದೊಡ್ಡ ಭಾಗವನ್ನು ವಾಪಸ್ ಕೊಡುವ ಯೋಜನೆ. ಅದು ತಡವಾದರೆ ಲಾಭ ಅಲ್ಲಾಡುತ್ತದೆ. ಎರಡು, ಆಮದು ಸುಂಕ. ಹೊರದೇಶದ ವೈನ್ ಮೇಲಿದ್ದ 150 ಪ್ರತಿಶತ ಸುಂಕವೇ ನಮ್ಮ ವೈನರಿಗಳ ಬೇಲಿ. 2022ರ ಕೊನೆಗೆ ಜಾರಿಯಾದ ಆಸ್ಟ್ರೇಲಿಯಾ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಮೇಲ್ದರ್ಜೆಯ ಬಾಟಲಿಗಳಿಗೆ ಆ ಬೇಲಿ ತಗ್ಗತೊಡಗಿದೆ, ವರ್ಷ ವರ್ಷವೂ ಇಳಿಯುತ್ತದೆ.

ಸ್ವಂತ ವೈನರಿ ಕಟ್ಟುವ ಆಸೆಯವರಿಗೆ ಒಂದೇ ಮಾತು. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯಿಂದ ಕರ್ನಾಟಕದಲ್ಲಿ ದಾರಿ ಸಲೀಸಾಯಿತು, ವೈನ್ ಮಂಡಳಿಯೂ ಇದೆ. ಆದರೆ ಸ್ಟೀಲ್ ಟ್ಯಾಂಕು, ಶೀತಲ ಯಂತ್ರ, ಅಬಕಾರಿ ಲೈಸೆನ್ಸು, ಇವೆಲ್ಲ ಆದ ಮೇಲೂ ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿಯುವುದೇ ನಿಜವಾದ ಖರ್ಚು.

ಇನ್ನು ಉಳಿದದ್ದು ಈಗ ಜೋರಾಗಿ ಜಾಹೀರಾತು ಬರುತ್ತಿರುವ ವೈನ್‌ಯಾರ್ಡ್ ಪ್ಲಾಟುಗಳು. ಕೆಲವು ಗುಂಟೆ ನಿಮ್ಮ ಹೆಸರಿಗೆ, ತೋಟ ನಾವೇ ನೋಡಿಕೊಳ್ಳುತ್ತೇವೆ, ವರ್ಷಕ್ಕೆ ಇಷ್ಟು ಖಾತ್ರಿ ಅನ್ನುತ್ತಾರೆ. ಇದು ನನಗೆ ಹೆದರಿಕೆ ಹುಟ್ಟಿಸುತ್ತದೆ. ಮಳೆಗೇ ಖಾತ್ರಿ ಇಲ್ಲದ ಕಡೆ ದ್ರಾಕ್ಷಿಗೆ ಯಾರು ಖಾತ್ರಿ ಕೊಡುತ್ತಾರೆ? ಹತ್ತಾರು ಜನರ ದುಡ್ಡು ಒಟ್ಟುಗೂಡಿಸಿ, ತಾವೇ ನಡೆಸಿ, ಲಾಭ ಹಂಚುತ್ತೇವೆ ಅನ್ನುವ ಯೋಜನೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಸಾಮೂಹಿಕ ಹೂಡಿಕೆ ನಿಯಮದೊಳಗೆ ಬರಬಹುದು. ಸೆಬಿ ನೋಂದಣಿ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಪಹಣಿ ಒಂಟಿಯಾಗಿ ನಿಮ್ಮ ಹೆಸರಿಗಾ, ಜಂಟಿಯಾ ಕೇಳಿ. ಅಲ್ಲಿ ಕಟ್ಟಿಕೊಡುವ ಕಾಟೇಜಿಗೆ ಭೂಪರಿವರ್ತನೆ ಆಗಿದೆಯಾ ಕೇಳಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಬೇಡ.

ಯಾವುದನ್ನೇ ಆರಿಸಿಕೊಂಡರೂ, ಭೂಮಿ ಕೊಳ್ಳುವುದಾದರೆ ಕೊಯ್ಲಿನ ಕಾಲದಲ್ಲಿ ನೋಡಿ ಒಪ್ಪಿಕೊಳ್ಳಬೇಡಿ. ಏಪ್ರಿಲ್ ಕೊನೆಗೆ, ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಆಗ ಎಲೆ ಇರುವುದಿಲ್ಲ, ಸವರಿದ ಬೋಳು ಬಳ್ಳಿ, ಬಿಸಿ ಕಲ್ಲುಕಂಬ ಇರುತ್ತವೆ. ಮೋಟಾರ್ ಹಾಕಿಸಿ, ಪೈಪಿನ ಪಕ್ಕ ಒಂದು ಗಂಟೆ ಕೂತುಕೊಳ್ಳಿ. ನೀರು ಶುರುವಿನ ರಭಸದಲ್ಲೇ ಬರುತ್ತಿದೆಯಾ, ಇಪ್ಪತ್ತು ನಿಮಿಷಕ್ಕೆ ಗಾಳಿ ಉಗುಳತೊಡಗಿತಾ ನೋಡಿ. ಆಮೇಲೆ ಪಕ್ಕದ ಹೊಲದವರ ಹತ್ತಿರ ಹೋಗಿ, ಹೋದ ವರ್ಷ ಈ ಬೋರು ಯಾವ ತಿಂಗಳು ನಿಂತಿತು ಅಂತ ಕೇಳಿ.